ಕೋಲಾರ ಸೀಮೆಯ ಜಿಂಕೆ ಬೇಟೆ ಮತ್ತು ತೋಟಾ ಬಂದೂಕು

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳನ್ನೊಳಗೊಂಡ ಪೂರ್ವ ಮೈದಾನದಲ್ಲಿ ಬಂದೂಕಿನಿಂದ ಜಿಂಕೆ ಹೊಡೆಯುವ ಪದ್ಧತಿ ಒಂದು ಕಾಲಕ್ಕೆ ಪರವಾನಗಿ ಪಡೆದು ಮಾಡಬಹುದಾದ ಕೆಲಸವಾಗಿತ್ತು. ಇಂದು ಅದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ಈ ಬದಲಾವಣೆ ಒಂದೇ ಏಟಿಗೆ ಬಂದದ್ದಲ್ಲ. ಯಾವ ಋತುವಿನಲ್ಲಿ, ಯಾವ ಹೊತ್ತಿನಲ್ಲಿ, ಯಾವ ಗುಂಡಿನಿಂದ ಹೊಡೆಯಬೇಕು ಎಂದು ಹೇಳುತ್ತ ಬಂದ ಕಾನೂನು ಕೊನೆಗೆ ಹೊಡೆಯಲೇಬಾರದು ಎಂಬಲ್ಲಿಗೆ ಬಂದು ನಿಂತಿತು.

ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು, ಗೋಮಾಳಗಳು, ಬಂಡೆಗುಡ್ಡಗಳು, ಅವುಗಳ ನಡುವೆ ರಾಗಿ, ಹುರುಳಿ, ಅವರೆಯ ಹೊಲಗಳು ಇಲ್ಲಿನ ನೆಲದ ಚಹರೆ. ಬಟ್ಟಬಯಲಿನ ಹುಲ್ಲು ಕೃಷ್ಣಮೃಗಕ್ಕೆ ಒಗ್ಗುತ್ತದೆ. ಗುಡ್ಡದಂಚಿನ ಕುರುಚಲು ಕಾಡು ಚುಕ್ಕೆ ಜಿಂಕೆಗೆ ಬೇಕು. ಜನ ಎರಡನ್ನೂ ಜಿಂಕೆಯೆಂದೇ ಕರೆದರೂ ಜೀವಶಾಸ್ತ್ರದಲ್ಲಿ ಇವು ಬೇರೆ ಬೇರೆ ಕುಟುಂಬದವು. ಚುಕ್ಕೆ ಜಿಂಕೆಯ ಗಂಡು ಕವಲೊಡೆದ ಕೊಂಬನ್ನು ಉದುರಿಸಿ ಮತ್ತೆ ಬೆಳೆಸಿಕೊಳ್ಳುತ್ತದೆ. ಕೃಷ್ಣಮೃಗದ ತಿರುಚಿದ ಕೋಡು ಬದುಕಿರುವವರೆಗೂ ಉದುರುವುದಿಲ್ಲ.

ಬಂದೂಕು ಬರುವ ಮುನ್ನ ಬಲೆ, ಉರುಳು, ನಾಯಿ ಮತ್ತು ಈಟಿ ಬೇಟೆಯ ಸಾಧನಗಳಾಗಿದ್ದವು. ಅರಸರು ಕೃಷ್ಣಮೃಗವನ್ನು ಹಿಡಿಯಲು ಸಿವಂಗಿಯನ್ನು, ಅಂದರೆ ಚೀತಾವನ್ನು ಪಳಗಿಸಿ ಬಿಡುತ್ತಿದ್ದರು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗ ಟಿಪ್ಪು ಸುಲ್ತಾನನ ಬಳಿಯೂ ಇಂಥ ಸಿವಂಗಿಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಕೈ ಸೇರಿದವು.

ಹಳ್ಳಿಗಳಲ್ಲಿ ಬಹುಕಾಲ ಉಳಿದದ್ದು ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯ ನಾಡಬಂದೂಕು. ನಳಿಗೆಗೆ ಕರಿಮದ್ದು ಸುರಿದು, ಮೇಲೆ ತೆಂಗಿನ ನಾರಿನ ಉಂಡೆಯಿಟ್ಟು ಕಬ್ಬಿಣದ ಸರಳಿನಿಂದ ಜಡಿಯುತ್ತಿದ್ದರು. ಆಮೇಲೆ ಸೀಸದ ಚರೆ ಅಥವಾ ಒಂದೇ ದೊಡ್ಡ ಗುಂಡು, ಅದು ಜಾರದಂತೆ ಇನ್ನಷ್ಟು ನಾರು. ಕೊನೆಗೆ ಕುದುರೆಯ ಕೆಳಗೆ ಕೇಪು ಇಟ್ಟರೆ ಒಂದು ಈಡಿಗೆ ಸಿದ್ಧ. ಗುರಿ ತಪ್ಪಿದರೆ ಇಷ್ಟೂ ಕೆಲಸವನ್ನು ಮೊದಲಿನಿಂದ ಮಾಡಬೇಕಿತ್ತು. ಅಷ್ಟರಲ್ಲಿ ಹಿಂಡು ದಿಗಂತ ದಾಟಿರುತ್ತಿತ್ತು. ಈ ನಿಧಾನವೇ ಪ್ರಾಣಿಗಳಿಗೆ ಸ್ವಲ್ಪಮಟ್ಟಿನ ರಕ್ಷಣೆಯಾಗಿತ್ತು.

ಹಿಂಬದಿಯಿಂದ ತೋಟಾ ಹಾಕುವ ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು ಆ ರಕ್ಷಣೆಯನ್ನು ಕಿತ್ತುಕೊಂಡಿತು. ನಳಿಗೆಯ ಅಳತೆಗೆ ಸರಿಹೊಂದುವ ಹನ್ನೆರಡು ಸೀಸದ ಗುಂಡುಗಳು ಒಂದು ಪೌಂಡು ತೂಗುತ್ತವೆ ಎಂಬ ಲೆಕ್ಕದಿಂದ ಬೋರಿನ ಸಂಖ್ಯೆ ಬಂದಿದೆ. ಹಕ್ಕಿಗೆ ಸಣ್ಣ ಚರೆ, ದೊಡ್ಡ ಪ್ರಾಣಿಗೆ ಎಲ್‌ಜಿ ಅಥವಾ ಎಸ್‌ಜಿ ತೋಟಾ ಎಂಬ ರೂಢಿ ಬೆಳೆಯಿತು. ಎಲ್‌ಜಿ ಚರೆ ಔನ್ಸಿಗೆ ಆರು, ಎಸ್‌ಜಿ ಔನ್ಸಿಗೆ ಎಂಟು ತೂಗುತ್ತವೆ. ದೂರ ಹೆಚ್ಚಿದಂತೆ ಈ ಚರೆಗಳು ಚದುರುತ್ತವೆ. ಒಂದೆರಡು ಚರೆ ಮಾತ್ರ ತಗುಲಿದ ಜಿಂಕೆ ಅಲ್ಲೇ ಬೀಳುವುದಿಲ್ಲ. ಹೊಟ್ಟೆಗೋ ತೊಡೆಗೋ ಗಾಯ ಮಾಡಿಕೊಂಡು ಓಡಿ, ಯಾರಿಗೂ ಸಿಗದೆ ಪೊದೆಯೊಳಗೆ ನರಳಿ ಸಾಯುತ್ತದೆ. ಚರೆ ಬೇಟೆಯ ಅತಿ ದೊಡ್ಡ ಕ್ರೌರ್ಯ ಇದೇ.

ಇದಕ್ಕೆ ಪರಿಹಾರವೆಂದು ಬಂದದ್ದು ಒಂಟಿ ಗುಂಡಿನ ತೋಟಾ, ಅಂದರೆ ಸ್ಲಗ್. ನಯವಾದ ನಳಿಗೆಯಿಂದ ಒಂದೇ ಒಂದು ಭಾರವಾದ ಗುಂಡನ್ನು ನೇರವಾಗಿ ಕಳಿಸುವುದು ಸುಲಭವಿರಲಿಲ್ಲ. ಇಂಗ್ಲೆಂಡಿನ ಜಾರ್ಜ್ ಫಾಸ್ಬೆರಿ 1885ರಲ್ಲಿ ನಳಿಗೆಯ ತುದಿಯಲ್ಲಷ್ಟೇ ಸುರುಳಿಗೆರೆ ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದನ್ನು ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ‘ಪ್ಯಾರಡಾಕ್ಸ್’ ಹೆಸರಿನಲ್ಲಿ ಮಾರಿತು. ಚರೆ ಮತ್ತು ಗುಂಡು ಎರಡನ್ನೂ ಹಾರಿಸಬಲ್ಲ ಈ ಬಂದೂಕು ಭಾರತದ ಶಿಕಾರಿದಾರರಿಗೆ ಬಹಳ ಹಿಡಿಸಿತು. ಜರ್ಮನಿಯ ವಿಲ್‌ಹೆಲ್ಮ್ ಬ್ರೆನೆಕೆ 1898ರಲ್ಲಿ, ಅಮೆರಿಕದ ಕಾರ್ಲ್ ಫಾಸ್ಟರ್ 1931ರಲ್ಲಿ ಸಾಮಾನ್ಯ ನಳಿಗೆಗೇ ಹೊಂದುವ ಸ್ಲಗ್ ರೂಪಿಸಿದರು.

ಮೈಸೂರು ಸಂಸ್ಥಾನದಲ್ಲಿ ಬೇಟೆಗೆ ಮೊದಲು ಕಡಿವಾಣ ಹಾಕಿದ ಕಾಯಿದೆಗಳಲ್ಲಿ 1901ರ ಬೇಟೆ ಪ್ರಾಣಿ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್ ಮುಖ್ಯವಾದದ್ದು. ಸ್ವಾತಂತ್ರ್ಯಾನಂತರ 1952ರಲ್ಲಿ ಕೇಂದ್ರ ವನ್ಯಜೀವಿ ಮಂಡಳಿ ರಚನೆಯಾಯಿತು. ಜಯಚಾಮರಾಜ ಒಡೆಯರ್ ಅದರ ಅಧ್ಯಕ್ಷರಾದರು; ಮೊದಲ ಸಭೆಯೂ ಮೈಸೂರಿನಲ್ಲೇ ನಡೆಯಿತು. ಕೃಷ್ಣಮೃಗದ ಬೆನ್ನಟ್ಟುತ್ತಿದ್ದ ಸಿವಂಗಿ ಭಾರತದಿಂದ ಅಳಿದುಹೋಯಿತೆಂದು ಘೋಷಣೆಯಾದದ್ದೂ ಅದೇ ವರ್ಷ. 1963ರಲ್ಲಿ ಮೈಸೂರು ರಾಜ್ಯ ಕಾಡುಪ್ರಾಣಿ ಮತ್ತು ಪಕ್ಷಿಗಳ ರಕ್ಷಣೆಗೆ ತನ್ನದೇ ಕಾಯಿದೆ ಮಾಡಿತು. ಆದರೆ ಬೆಳೆ ರಕ್ಷಣೆಯ ಹೆಸರಿನಲ್ಲಿ ಕೊಟ್ಟ ಬಂದೂಕುಗಳು, ಎರಡನೇ ಮಹಾಯುದ್ಧದ ನಂತರ ಅಗ್ಗಕ್ಕೆ ಸಿಕ್ಕ ಜೀಪುಗಳು, ರಾತ್ರಿ ಕಣ್ಣು ಕೋರೈಸುವ ದೀಪಗಳು ದೇಶದ ಬಯಲುಸೀಮೆಯ ಕೃಷ್ಣಮೃಗಗಳನ್ನು ಬರಿದು ಮಾಡುತ್ತಲೇ ಇದ್ದವು. ಇ. ಪಿ. ಜೀ ಅವರಂಥ ನಿಸರ್ಗತಜ್ಞರು ಇದನ್ನು ಬರೆದು ಎಚ್ಚರಿಸಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಗೆ ಸೇರಿಸಿ ಅದರ ಬೇಟೆಯನ್ನು ನಿಲ್ಲಿಸಿತು. ಚುಕ್ಕೆ ಜಿಂಕೆ ‘ದೊಡ್ಡ ಬೇಟೆ’ಯ ಪಟ್ಟಿಯಲ್ಲೇ ಉಳಿಯಿತು. ಅದನ್ನು ರೈಫಲ್‌ನಿಂದಲೇ ಹೊಡೆಯಬೇಕು, ತೋಟಾ ಬಂದೂಕು ಬಳಸುವುದಾದರೆ ಪರವಾನಗಿಯಲ್ಲಿ ವಿಶೇಷ ಅನುಮತಿ ಪಡೆದು ಒಂಟಿ ಗುಂಡನ್ನಷ್ಟೇ ಹಾರಿಸಬೇಕು ಎಂದು 17ನೇ ಸೆಕ್ಷನ್ ಕಟ್ಟಳೆ ವಿಧಿಸಿತು. ವಾಹನದಿಂದ, ರಾತ್ರಿ ಹೊತ್ತಿನಲ್ಲಿ, ನೀರು ಕುಡಿಯುವ ತಾಣದಲ್ಲಿ ಹೊಡೆಯುವುದನ್ನೂ ಅದೇ ಸೆಕ್ಷನ್ ತಡೆಯಿತು. 1991ರ ತಿದ್ದುಪಡಿ ಪರವಾನಗಿ ಪದ್ಧತಿಯನ್ನೇ ತೆಗೆದುಹಾಕಿತು. ಅದರೊಂದಿಗೆ ಚರೆಯೋ ಸ್ಲಗ್ಗೋ ಎಂಬ ಪ್ರಶ್ನೆಯೂ ಕಾನೂನಿನ ಮಟ್ಟಿಗೆ ಮುಗಿಯಿತು.

ಬಂದೂಕಿನ ಸದ್ದಡಗಿದರೂ ಕೋಲಾರದ ಬಯಲು ಮೊದಲಿನಂತಾಗಲಿಲ್ಲ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಹೊಲ, ದಿಣ್ಣೆಗಳನ್ನು ನೀಲಗಿರಿ ತೋಪುಗಳು ಆವರಿಸಿದವು. ಕೃಷ್ಣಮೃಗಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಹುಲ್ಲುಬಯಲೇ ಹೊರತು ಮರದ ಸಾಲುಗಳಲ್ಲ. ಕೆಜಿಎಫ್ ಸುತ್ತಲಿನ ಬಯಲುಗಳಲ್ಲಿ ಕೃಷ್ಣಮೃಗಗಳು ಇನ್ನೂ ಕಾಣಸಿಗುತ್ತವೆ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ಇಂಥ ನೆಲ ಕೋಲಾರ ಜಿಲ್ಲೆಗೂ ಬೇಕು. ಬೇಟೆ ನಿಂತರೆ ಪ್ರಾಣಿ ಬದುಕಬಹುದು, ಹುಲ್ಲಿಲ್ಲದಿದ್ದರೆ ಉಳಿಯಲಾರದು.

ಈಗಿನ ಕಾನೂನಿನಲ್ಲಿ ಕೊಲ್ಲುವುದಷ್ಟೇ ಬೇಟೆಯಲ್ಲ. ಗಾಯಗೊಳಿಸುವುದು, ಉರುಳು ಹಾಕುವುದು, ಬೇಟೆಗಾಗಿ ಅಟ್ಟುವುದು, ಇವಕ್ಕೆ ಯತ್ನಿಸುವುದೂ ಬೇಟೆಯೇ. ಕೃತ್ಯಕ್ಕೆ ಬಳಸಿದ ಬಂದೂಕು ಮತ್ತು ವಾಹನ ಸರ್ಕಾರದ ಪಾಲಾಗುತ್ತವೆ. ಕೃಷ್ಣಮೃಗವನ್ನು ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು ಹಾಗೂ 2022ರ ತಿದ್ದುಪಡಿಯ ಪ್ರಕಾರ ಕನಿಷ್ಠ 25,000 ರೂಪಾಯಿ ದಂಡ ವಿಧಿಸಲಾಗುತ್ತದೆ.