ಜೈವಿಕ ಶೋಧಕ (ಮೀನುಕೊಳ)

ಮೀನುಕೊಳದ ನೀರಿನಲ್ಲಿ ಸೇರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳ ನೆರವಿನಿಂದ ನೈಟ್ರೇಟ್ ಆಗಿ ಮಾರ್ಪಡಿಸುವ ವ್ಯವಸ್ಥೆ. ಕೊಯ್, ಗೋಲ್ಡ್‌ಫಿಶ್ ಮೊದಲಾದ ಅಲಂಕಾರಿಕ ಮೀನುಗಳು ಕೊಳದ ಶಕ್ತಿ ಮೀರಿ ಹೆಚ್ಚಿದಾಗ ಹೆಚ್ಚುವರಿ ಶೋಧಕವನ್ನು ಜೋಡಿಸುತ್ತಾರೆ.

ಮೀನು ಅಮೋನಿಯಾವನ್ನು ಮುಖ್ಯವಾಗಿ ಕಿವಿರುಗಳಿಂದ ಹೊರಬಿಡುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ನೈಟ್ರೋಸ್ಪೈರಾದಂಥವು ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಎರಡು ಹಂತಗಳನ್ನು 19ನೆಯ ಶತಮಾನದ ಕೊನೆಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ ತೋರಿಸಿಕೊಟ್ಟ. 1 ಗ್ರಾಂ ಅಮೋನಿಯಾ-ಸಾರಜನಕಕ್ಕೆ ಸುಮಾರು 4.6 ಗ್ರಾಂ ಆಮ್ಲಜನಕ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7 ಗ್ರಾಂ ಕ್ಷಾರತೆ ವ್ಯಯವಾಗುತ್ತದೆ.

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ, ತಾಳಿಕೋಟೆ ಭಾಗದಲ್ಲಿ ಶೋಧಕದ ಅಗತ್ಯ ಹೆಚ್ಚು. ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಸುಣ್ಣಕಲ್ಲಿನ ನೆಲದ ಗಡಸು ನೀರು ಬ್ಯಾಕ್ಟೀರಿಯಾಗಳಿಗೆ ಕ್ಷಾರತೆ ಒದಗಿಸಿದರೂ ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಅಂಶ ಹತ್ತಿರ ಹತ್ತಿರ ಹತ್ತುಪಟ್ಟಾಗುತ್ತದೆ.

ಕೊಳದ ಪಕ್ಕದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸ್ಪಂಜು, ಜಲ್ಲಿ ತುಂಬಿ ಪಂಪಿನಿಂದ ನೀರು ಹಾಯಿಸುವುದು ಸರಳ ವಿಧಾನ. ತುಂಬಿದ ವಸ್ತುವಿನ ತೂಕ ಮುಖ್ಯವಲ್ಲ, ಮೇಲ್ಮೈ ವಿಸ್ತಾರವೇ ಮುಖ್ಯ. ಹೊಸ ಶೋಧಕ ಪಕ್ವವಾಗಲು 4ರಿಂದ 6 ವಾರ ಹಿಡಿಯುತ್ತದೆ. ಹಳೆಯದರ ಸ್ಪಂಜು ಸೇರಿಸಿದರೆ ಬೇಗ. ಕ್ಲೋರಿನ್ ಬೆರೆತ ನಲ್ಲಿನೀರು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದ ಶೋಧಕವನ್ನು ಕೊಳದ ನೀರಿನಲ್ಲೇ ತೊಳೆಯಬೇಕು. ಪಂಪನ್ನು ನಿಲ್ಲಿಸುವ ದೀರ್ಘ ವಿದ್ಯುತ್ ಕಡಿತವೂ ಅಷ್ಟೇ ಹಾನಿಕರ. ಉಳಿದ ನೈಟ್ರೇಟನ್ನು ಜಲಸಸ್ಯಗಳು ಹೀರುತ್ತವೆ. ಮಿಕ್ಕದ್ದನ್ನು ಭಾಗಶಃ ನೀರು ಬದಲಿಸಿ ತೆಗೆಯಲಾಗುತ್ತದೆ.