ಮುದಗಲ್ಲಿನ ರಹಸ್ಯ ದಾಳಿ ಮತ್ತು ಅದರ ಹೊಣೆ

ಕ್ರಿ.ಶ. 1406ರಲ್ಲಿ ವಿಜಯನಗರಕ್ಕೂ ಬಹಮನಿ ರಾಜ್ಯಕ್ಕೂ ನಡೆದ ಯುದ್ಧವನ್ನು ‘ಅಕ್ಕಸಾಲಿಗನ ಮಗಳ ಯುದ್ಧ’ವೆಂದು ಕರೆಯುವುದುಂಟು. ಒಂದನೆಯ ದೇವರಾಯನು ಮುದಗಲ್ ಸೀಮೆಯ ಒಬ್ಬ ಚೆಲುವೆಯನ್ನು ಬಯಸಿ ಯುದ್ಧವನ್ನು ತಂದುಕೊಂಡನೆಂಬ ಈ ಕಥೆ ಬಹುಮಟ್ಟಿಗೆ ಪ್ರಣಯಪ್ರಸಂಗವಾಗಿಯೇ ಉಳಿದಿದೆ. ಆದರೆ ಇದನ್ನು ರಾಜನೀತಿಯ ದೃಷ್ಟಿಯಿಂದ ಪರಿಶೀಲಿಸಿದರೆ ಬೇರೊಂದು ಪ್ರಶ್ನೆ ಏಳುತ್ತದೆ: ಗುಪ್ತವಾಗಿ ಯೋಜಿಸಿದ ಸಾಹಸವು ವಿಫಲವಾದಾಗ ಅದರ ಹೊಣೆ ಯಾರದು?

ಕಥೆಯ ಮುಖ್ಯ ಆಧಾರ ಫೆರಿಷ್ತಾನ ಪಾರಸಿ ಇತಿಹಾಸ. ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, ಘಟನೆಯಾದ ಇನ್ನೂರು ವರ್ಷಗಳ ಮೇಲೆ, ಅವನು ಇದನ್ನು ಬರೆದನು. ರಾಬರ್ಟ್ ಸಿವೆಲ್ಲನು 1900ರಲ್ಲಿ ಪ್ರಕಟಿಸಿದ ತನ್ನ ವಿಜಯನಗರದ ಇತಿಹಾಸದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಫೆರಿಷ್ತಾನು ಹೇಳುವ ವೃತ್ತಾಂತವಿದು. ಕನ್ಯೆಯ ವಿಷಯವನ್ನು ಬ್ರಾಹ್ಮಣನೊಬ್ಬನಿಂದ ಕೇಳಿದ ರಾಯನು ಅವನ ಮೂಲಕ ವಿವಾಹದ ಪ್ರಸ್ತಾಪ ಕಳುಹಿಸಿದನು, ಆಕೆ ಒಪ್ಪಲಿಲ್ಲ. ಬಳಿಕ ಸಂಚಾರದ ನೆವದಿಂದ ರಾಯನು ತುಂಗಭದ್ರೆಯ ತೀರಕ್ಕೆ ಬಂದು, ಐದು ಸಾವಿರ ಆಯ್ದ ಕುದುರೆ ಸವಾರರನ್ನು ಹಗಲಿರುಳು ನಡೆಸಿ ಆ ಗ್ರಾಮವನ್ನು ಮುತ್ತಬೇಕೆಂದು ಆಜ್ಞಾಪಿಸಿದನು. ಅಧಿಕಾರಿಗಳು ಬೇಡವೆಂದು ಬಿನ್ನವಿಸಿದರೂ ಅವನು ಕೇಳಲಿಲ್ಲ.

ಈ ಯೋಜನೆಯ ದೋಷಗಳು ಫೆರಿಷ್ತಾನ ಬರಹದಲ್ಲಿಯೇ ಸ್ಪಷ್ಟವಾಗಿವೆ. ಹುಡುಗಿಯ ತಂದೆತಾಯಿಗಳಿಗೆ ಮುಂದಾಗಿ ಸುದ್ದಿ ಮುಟ್ಟಿಸುವ ವ್ಯವಸ್ಥೆಯಾಗಲಿಲ್ಲ. ದಂಡು ಬರುವುದೆಂಬ ವಾರ್ತೆ ಹಬ್ಬಿದೊಡನೆ ಇತರ ಗ್ರಾಮಸ್ಥರೊಂದಿಗೆ ಆ ಕುಟುಂಬವೂ ಓಡಿಹೋಯಿತು. ಬಂದ ಕಾರ್ಯ ಕೆಟ್ಟಮೇಲೆ ಸವಾರರು ನೇರವಾಗಿ ಹಿಂದಿರುಗದೆ ದಾರಿಯ ಊರುಗಳನ್ನು ಸುಲಿದರು. ಸೀಮೆಯ ಅಧಿಕಾರಿ ಫೌಲಾದ್ ಖಾನನು ಮೊದಲು ಹಿಮ್ಮೆಟ್ಟಿದರೂ ಮತ್ತೆ ಬಲ ಕೂಡಿಸಿಕೊಂಡು, ಕೊಳ್ಳೆಯ ಭಾರದಿಂದ ಎಚ್ಚರ ತಪ್ಪಿದ್ದ ಅವರ ಮೇಲೆ ಬಿದ್ದನು. ಎರಡು ಸಾವಿರ ಮಂದಿ ಹತರಾದರು.

ಇದೇ ಗ್ರಂಥದಲ್ಲಿ ಹೋಲಿಕೆಗೆ ಯೋಗ್ಯವಾದ ಇನ್ನೊಂದು ಪ್ರಸಂಗವಿದೆ. 1398ರ ಯುದ್ಧದಲ್ಲಿ ವಿಜಯನಗರದ ಸೈನ್ಯವು ಕೃಷ್ಣೆಯ ದಡದಲ್ಲಿ ಬೀಡುಬಿಟ್ಟಿದ್ದಾಗ ಫಿರೋಜ್ ಷಾಹನಿಗೆ ನದಿ ದಾಟುವ ಉಪಾಯ ತೋರಲಿಲ್ಲ. ಆಗ ಕಾಜಿ ಸಿರಾಜನು ಏಳು ಮಂದಿ ಸಂಗಡಿಗರೊಡನೆ ವೇಷ ಮರೆಸಿಕೊಂಡು ಶಿಬಿರವನ್ನು ಹೊಕ್ಕು, ನರ್ತಕಿಯರ ಮೇಳದ ನೆವದಿಂದ ರಾಜಕುಮಾರನ ಡೇರೆಯನ್ನು ಸೇರಿ ಅವನನ್ನು ಕೊಂದನು. ಆ ಗಲಭೆಯ ನಡುವೆ ಮೂರು ನಾಲ್ಕು ಸಾವಿರ ಸೈನಿಕರು ನದಿಯನ್ನು ದಾಟಿದರು. ಕೃತ್ಯವು ಕ್ರೂರವೇ. ಆದರೆ ಯೋಜನೆಯ ರೀತಿಯನ್ನು ಗಮನಿಸಬೇಕು. ಅಪಾಯವನ್ನು ಸೂಚಿಸಿದವನೇ ಅಪಾಯಕ್ಕೆ ತಲೆಯೊಡ್ಡಿದನು. ಅವನ ಹಿಂದೆ ಸೈನ್ಯವು ಸಿದ್ಧವಾಗಿತ್ತು. ಸಾಧಿಸಬೇಕಾದ ಗುರಿಯು ಖಚಿತವಾಗಿತ್ತು. ಮುದಗಲ್ಲಿನ ದಾಳಿಯಲ್ಲಿ ಯೋಜಿಸಿದವನು ನದಿಯ ಈಚೆಗೇ ಉಳಿದನು, ಸತ್ತವರು ಬೇರೆಯವರು.

ಹಾನಿ ಅಷ್ಟಕ್ಕೆ ನಿಲ್ಲಲಿಲ್ಲ. ಫಿರೋಜನು ವಿಜಯನಗರದವರೆಗೆ ನುಗ್ಗಿ ಬಂದನು. ಪಟ್ಟಣದ ಕೆಲವು ಬೀದಿಗಳನ್ನು ಹೊಕ್ಕ ಅವನನ್ನು ಕಾಲಾಳುಗಳು ಹಿಂದಕ್ಕಟ್ಟಿದರು. ಅವನಿಗೆ ಗಾಯವೂ ಆಯಿತು. ಆದರೆ ಅವನ ದಂಡುಗಳು ದಕ್ಷಿಣದ ಸೀಮೆಗಳನ್ನು ಹಾಳುಗೆಡವಿ ಬಂಕಾಪುರವನ್ನು ಹಿಡಿದವು. ಸಂಧಿಯ ಪ್ರಕಾರ ರಾಯನು ತನ್ನ ಮಗಳನ್ನು ಸುಲ್ತಾನನಿಗೆ ಕೊಡಬೇಕಾಯಿತು. ಬಂಕಾಪುರವನ್ನೂ ಹತ್ತು ಲಕ್ಷ ಹೊನ್ನನ್ನೂ ಐವತ್ತು ಆನೆಗಳನ್ನೂ ಒಪ್ಪಿಸಬೇಕಾಯಿತು. ಅಕ್ಕಸಾಲಿಗನ ಮಗಳು ಕಡೆಗೆ ಫಿರೋಜನ ಮಗ ಹಸನ್ ಖಾನನ ಪತ್ನಿಯಾದಳು. ಹೀಗೆ ಒಬ್ಬನ ನಿರ್ಧಾರದ ಬೆಲೆಯನ್ನು ಸವಾರರು, ಗಡಿಯ ರೈತರು, ಅರಮನೆಯ ಕನ್ಯೆ ತೆತ್ತರು.

ಈ ವೃತ್ತಾಂತವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಫೆರಿಷ್ತಾನ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆಯುಂಟು. ರಾಯನನ್ನು ಅವಿವೇಕಿಯೆಂದು ತೋರಿಸುವುದರಲ್ಲಿ ಆಸ್ಥಾನದ ಒಲವೂ ಇದ್ದೀತು. ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಒಡೆತನವೇ ಈ ಎರಡು ರಾಜ್ಯಗಳ ಕಲಹದ ನಿಜವಾದ ಮೂಲವೆಂಬ ವಾದಕ್ಕೆ ಬಲವಿದೆ. ಆದರೂ ಒಂದು ಮಾತು ಗಮನಾರ್ಹ. ಫೆರಿಷ್ತಾನು ಸೋಲಿನ ದೋಷವನ್ನು ಸವಾರರ ಹೇಡಿತನಕ್ಕೆ ಆರೋಪಿಸುವುದಿಲ್ಲ. ಹಿತವಚನವನ್ನು ತಳ್ಳಿ, ಪೂರ್ವಸಿದ್ಧತೆಯಿಲ್ಲದೆ ಆಜ್ಞೆಯಿತ್ತವನ ಮೇಲೆಯೇ ಹೊರಿಸುತ್ತಾನೆ. ವೃತ್ತಾಂತದ ಐತಿಹಾಸಿಕತೆ ಎಷ್ಟೇ ಇರಲಿ, ಯೋಜಿಸಿದವನೇ ಹೊಣೆಗಾರನೆಂಬ ಈ ತೀರ್ಪು ಹದಿನೇಳನೆಯ ಶತಮಾನದ ದಖ್ಖಣದ ರಾಜನೀತಿಯ ವಿವೇಕಕ್ಕೆ ಸಾಕ್ಷಿ.

ಆದರೆ ಆ ತೀರ್ಪನ್ನು ಕಾಲಕ್ಕೆ ಸರಿಯಾಗಿ ನೀಡುವ ಅಧಿಕಾರ ಯಾರಿಗೂ ಇರಲಿಲ್ಲ. ಮಂತ್ರಿಗಳು ಬಿನ್ನವಿಸಬಹುದಾಗಿತ್ತು, ತಡೆಯುವಂತಿರಲಿಲ್ಲ. ಅರಸನನ್ನು ಪ್ರಶ್ನಿಸುವುದು ಸೋಲಿನ ಪಾಲಿಗೇ ಬಂದಿತು. ಫಿರೋಜನ ಪಾಡೂ ಬೇರೆಯಾಗಲಿಲ್ಲ: ಪಾನಗಲ್ಲಿನ ದೀರ್ಘ ಮುತ್ತಿಗೆಯಲ್ಲಿ ಅವನ ಸೈನ್ಯವು ರೋಗದಿಂದ ಕುಗ್ಗಿ, 1420ರ ಸುಮಾರಿಗೆ ವಿಜಯನಗರದವರಿಂದ ಸೋತಿತು, 1422ರಲ್ಲಿ ಅವನು ತಮ್ಮನಿಗೆ ಸಿಂಹಾಸನವನ್ನು ಬಿಟ್ಟುಕೊಟ್ಟನು. ತುಂಗಭದ್ರೆಗೆ ಕಟ್ಟೆ ಕಟ್ಟಿಸಿ ರಾಜಧಾನಿಗೆ ಕಾಲುವೆ ತಂದ ಕೀರ್ತಿಯನ್ನು ವಿದ್ವಾಂಸರು ಸಾಮಾನ್ಯವಾಗಿ ದೇವರಾಯನಿಗೆ ಸಲ್ಲಿಸುತ್ತಾರೆ. ಅದು ನೂರು ಕಣ್ಣುಗಳ ಮುಂದೆ ನಡೆದ ಕೆಲಸ. ಅಲ್ಲಿ ತಪ್ಪಿದ್ದರೆ ತೋರಿಸುವವರೂ ತಿದ್ದುವವರೂ ಇದ್ದರು. ಗುಟ್ಟು ಶತ್ರುವಿನಿಂದ ಮರೆಮಾಡುವಂತೆಯೇ ಹಿತೈಷಿಯ ವಿಮರ್ಶೆಯಿಂದಲೂ ಮರೆಮಾಡುತ್ತದೆ. ಆದುದರಿಂದ ಕಾರ್ಯವು ಗುಪ್ತವಾದಷ್ಟೂ ಅದನ್ನು ಯೋಜಿಸಿದವನ ಹೊಣೆ ಹಿರಿದಾಗಬೇಕೇ ಹೊರತು ಕಿರಿದಾಗಬಾರದು.