ದೆವ್ವದ ಪಾತ್ರಧಾರಿಯ ಹೆಸರು



ಕಳೆದ ದೀಪಾವಳಿಯ ರಜೆಗೆಂದು ಗೋಕಾಕದ ನಮ್ಮ ಮನೆಗೆ ಬಂದಿದ್ದ ಮೊಮ್ಮಗನು ರಾತ್ರಿಯ ಊಟವಾದ ಮೇಲೆ '6-5=2' ಎಂಬ ಕನ್ನಡ ಚಿತ್ರವನ್ನು ಹಚ್ಚಿ, ನನ್ನನ್ನೂ ಎಳೆದು ಕೂಡಿಸಿಕೊಂಡನು. ಪಶ್ಚಿಮಘಟ್ಟದ ಕಾಡಿಗೆ ಚಾರಣ ಹೋದ ಆರು ಜನ ಗೆಳೆಯರ ಕಥೆಯದು. ಅವರೊಂದಿಗಿದ್ದ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳನ್ನೇ ನಮಗೆ ತೋರಿಸಲಾಗುತ್ತಿದೆ ಎಂಬ ಭಾವನೆ ಬರುವಂತೆ ಅದನ್ನು ಕಟ್ಟಿದ್ದಾರೆ. ಚಿತ್ರ ಮುಗಿದಾಗ ಹುಡುಗನು ಮೆಲ್ಲಗೆ, "ಅಜ್ಜಾ, ಇವ್ರೆಲ್ಲಾ ಖರೇನ ಸತ್ತಾರೇನು?" ಎಂದು ಕೇಳಿದನು. "ಇಲ್ಲೋ ತಮ್ಮಾ, ಎಲ್ಲಾರೂ ಪಾತ್ರ ಮಾಡಿದವ್ರು" ಎಂದೆ. "ಹಂಗಾದ್ರ ಅವ್ರ ಹೆಸರೇನು?" ಎಂದನು. ನನಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಮರುದಿನ ಹುಡುಕಿ ತಿಳಿದುಕೊಂಡೆ. ಕೆ. ಎಸ್. ಅಶೋಕ ನಿರ್ದೇಶಿಸಿದ ಆ ಚಿತ್ರ 2013ರ ನವೆಂಬರಿನಲ್ಲಿ ತೆರೆಕಂಡಿತು. ದರ್ಶನ್ ಅಪೂರ್ವ, ಕೃಷ್ಣ ಪ್ರಕಾಶ್, ವಿಜಯ್ ಚೆಂಡೂರ್, ಪಲ್ಲವಿ, ತನುಜಾ, ಮೃತ್ಯುಂಜಯ ಇವರೇ ಆ ಆರು ಜನ ಕಲಾವಿದರು. ಅಂದು ಪ್ರೇಕ್ಷಕರಿಗೆ ಪರಿಚಿತವಾದ ಒಂದು ಮುಖವೂ ಅವರಲ್ಲಿರಲಿಲ್ಲ. ಅದು ಕೊರತೆಯಾಗದೆ ಚಿತ್ರದ ಬಂಡವಾಳವೇ ಆಯಿತು. ಪ್ರಸಿದ್ಧ ನಟನೊಬ್ಬನು ಆ ಕಾಡಿನಲ್ಲಿ ಕಾಣಿಸಿಕೊಂಡಿದ್ದರೆ, ಅವನು ಸಾಯುವುದಿಲ್ಲವೆಂದು ನಾವು ಮೊದಲೇ ನಿಶ್ಚಿಂತರಾಗಿರುತ್ತಿದ್ದೆವು. ಈ ಚಿತ್ರ ಗೆದ್ದು, ಮರುವರ್ಷವೇ ಹಿಂದಿಯಲ್ಲಿಯೂ ತಯಾರಾಯಿತು.

ನಮ್ಮ ತಾರುಣ್ಯದ ದೆವ್ವದ ಚಿತ್ರಗಳ ರೀತಿ ಬೇರೆಯಾಗಿತ್ತು. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ಅನಂತನಾಗ್ ಮತ್ತು ಲಕ್ಷ್ಮಿಯವರಂತಹ ಹೆಸರಾಂತ ಕಲಾವಿದರಿದ್ದರು. ಜನ ಅವರ ಅಭಿನಯವನ್ನು ನೋಡಲೆಂದೇ ಹೋದರು, ಹೆದರಿಕೊಂಡು ಬಂದರು. 1993ರಲ್ಲಿ ಉಪೇಂದ್ರ ಅವರು ನಿರ್ದೇಶಿಸಿದ 'ಶ್!' ಚಿತ್ರವು ಚಲನಚಿತ್ರದ ತಂಡವನ್ನೇ ಕಥೆಯ ಪಾತ್ರವಾಗಿಸಿತು. ಕುಮಾರ್ ಗೋವಿಂದ್ ಅದರ ನಾಯಕರು. ಅಲ್ಲಿಂದ ಇಪ್ಪತ್ತು ವರ್ಷಗಳಲ್ಲಿ ನಟನು ನಟನೆಂದೇ ತೋರಬಾರದೆಂಬ ಹಂತಕ್ಕೆ ನಾವು ಬಂದೆವು.

ಈ ದಾರಿಯನ್ನು ಜಗತ್ತಿಗೆ ತೋರಿದ ಎರಡು ಚಿತ್ರಗಳು ಅಮೆರಿಕದವು. 1968ರಲ್ಲಿ ಪಿಟ್ಸ್‌ಬರ್ಗ್ ನಗರದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಸುಮಾರು 1,14,000 ಡಾಲರುಗಳಲ್ಲಿ 'ನೈಟ್ ಆಫ್ ದ ಲಿವಿಂಗ್ ಡೆಡ್' ಎಂಬ ಚಿತ್ರವನ್ನು ಮಾಡಿದರು. ಅಲ್ಲಿ ಕೆಲಸಗಳ ಹಂಚಿಕೆಯೇ ಇರಲಿಲ್ಲವೆನ್ನಬಹುದು. ಕಾರ್ಲ್ ಹಾರ್ಡ್‌ಮನ್ ಮತ್ತು ಮರಿಲಿನ್ ಈಸ್ಟ್‌ಮನ್ ಹಣವನ್ನೂ ಹೊಂದಿಸಿದರು, ಪಾತ್ರವನ್ನೂ ಮಾಡಿದರು, ಉಳಿದವರಿಗೆ ಬಣ್ಣವನ್ನೂ ಬಳಿದರು. ಸುತ್ತಲಿನ ಊರಿನ ಜನರೇ ನಡೆದಾಡುವ ಹೆಣಗಳಾದರು. ನಾಯಕ ಡ್ವೇನ್ ಜೋನ್ಸ್ ಕಪ್ಪು ಜನಾಂಗದವರು. ಆ ಕಾಲದಲ್ಲಿ ಅಂತಹ ಪಾತ್ರ ಅವರಿಗೆ ದೊರೆತದ್ದೇ ದೊಡ್ಡ ಸಂಗತಿ. ಆದರೆ ಚಿತ್ರದ ಹೆಸರನ್ನು ಬದಲಿಸುವಾಗ ಹಕ್ಕುಸ್ವಾಮ್ಯದ ಒಂದು ಸಾಲು ಬಿಟ್ಟುಹೋಯಿತು. ಅಂದಿನ ಕಾನೂನಿನಂತೆ ಚಿತ್ರ ಯಾರು ಬೇಕಾದರೂ ಪ್ರತಿ ಮಾಡಿ ಮಾರಬಹುದಾದ ವಸ್ತುವಾಯಿತು. ದುಡಿದವರಿಗೆ ಸಲ್ಲಬೇಕಾದ ಹಣದ ಬಹುಭಾಗ ಅನ್ಯರ ಪಾಲಾಯಿತು. ಜೋನ್ಸ್ ಮುಂದೆ ಕಾಲೇಜಿನಲ್ಲಿ ಪಾಠ ಹೇಳಿದರು, ರಂಗಭೂಮಿಗಾಗಿ ದುಡಿದರು, 1988ರಲ್ಲಿ ತೀರಿಕೊಂಡರು. ಅಧ್ಯಾಪಕ ವೃತ್ತಿಯವನಾದ ನನಗೆ ಇದನ್ನು ಓದಿದಾಗ ಅವರು ಬಂಧುವಿನಂತೆ ತೋರಿದರು.

ಎರಡನೆಯದು 1999ರ 'ಬ್ಲೇರ್ ವಿಚ್ ಪ್ರಾಜೆಕ್ಟ್'. ಹೆದರ್ ಡೊನಹ್ಯೂ, ಮೈಕೆಲ್ ವಿಲಿಯಮ್ಸ್, ಜೋಶುವಾ ಲಿಯೊನಾರ್ಡ್ ಎಂಬ ಮೂವರು ತಮ್ಮ ಸ್ವಂತ ಹೆಸರುಗಳಿಂದಲೇ ಪಾತ್ರ ವಹಿಸಿ, 1997ರ ಅಕ್ಟೋಬರಿನಲ್ಲಿ ಎಂಟು ದಿನ ಕಾಡಿನಲ್ಲಿ ಅಲೆದು, ತಾವೇ ಕ್ಯಾಮೆರಾ ಹಿಡಿದು ಚಿತ್ರೀಕರಿಸಿದರು. ಪ್ರಚಾರದಲ್ಲಿ ಅವರನ್ನು ಕಾಣೆಯಾದವರೆಂದು ಬಿಂಬಿಸಲಾಯಿತು. ಹೆದರಳ ತಾಯಿಗೆ ಸಂತಾಪದ ಪತ್ರಗಳು ಬಂದವಂತೆ! ಚಿತ್ರ ಸುಮಾರು 25 ಕೋಟಿ ಡಾಲರು ಗಳಿಸಿತು. ಆದರೆ 2024ರಲ್ಲಿ ಆ ಮೂವರೂ ತಮಗೆ ನ್ಯಾಯವಾದ ಪಾಲು ಬೇಕೆಂದು ಬಹಿರಂಗ ಪತ್ರ ಬರೆಯಬೇಕಾಯಿತು. ಹೆದರ್ ಅಷ್ಟರಲ್ಲಿ ತಮ್ಮ ಹೆಸರನ್ನೇ ಬದಲಿಸಿಕೊಂಡಿದ್ದರು. ಸ್ವಂತ ಹೆಸರು ಪಾತ್ರಕ್ಕೆ ಹೋಗಿಬಿಟ್ಟರೆ ಮನುಷ್ಯನಿಗೆ ಏನು ಉಳಿಯಬೇಕು?

ಇದನ್ನೆಲ್ಲ ಓದುವಾಗ ನಮ್ಮ ಸೀಮೆಯ ರಂಗಪರಂಪರೆ ನೆನಪಾಯಿತು. ಇಂದು ಮೂಡಲಗಿ ತಾಲೂಕಿನಲ್ಲಿರುವ ಕುಲಗೋಡ ಗ್ರಾಮವನ್ನು ನಾಡು ಬಲ್ಲುದು ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ತಮ್ಮಣ್ಣನ ಹೆಸರಿನಿಂದ. ಕೌಜಲಗಿಯ ಹೆಸರಿನೊಡನೆ ಪಾರಿಜಾತದ ನಿಂಗಮ್ಮನ ಹೆಸರು ಬೆಸೆದುಕೊಂಡಿದೆ. ಇಲ್ಲಿ ಊರು ಕಲಾವಿದರಿಗೆ ಹೆಸರಾಯಿತು, ಕಲಾವಿದರು ಊರಿಗೆ ಹೆಸರು ತಂದರು. ಜಾತ್ರೆಯ ನಾಟಕಗಳ ಹ್ಯಾಂಡ್‌ಬಿಲ್ಲುಗಳನ್ನು ನೀವೂ ನೋಡಿದ್ದೀರಿ. ನಾಯಕನಿಂದ ಹಿಡಿದು ಒಂದೇ ಮಾತಾಡುವ ಸೇವಕನವರೆಗೆ, ಹಾರ್ಮೋನಿಯಂ ಮಾಸ್ತರರಿಂದ ಪರದೆ ಎಳೆಯುವವನವರೆಗೆ ಎಲ್ಲರ ಹೆಸರೂ ಅಲ್ಲಿರುತ್ತದೆ. ಸಂಭಾವನೆ ಇಲ್ಲದಿದ್ದರೂ ಹೆಸರಂತೂ ಇರುತ್ತದೆ. ಹಣವಿಲ್ಲದ ಕಲೆಯಲ್ಲಿ ಹೆಸರೇ ಕೂಲಿ.

ಹೀಗೆ ಬರೆಯುವ ನಾನೇ ಒಮ್ಮೆ ಈ ಕೂಲಿಯನ್ನು ತಪ್ಪಿಸಿದವನು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆಯ ಸ್ನೇಹಸಮ್ಮೇಳನಕ್ಕೆ ಮಕ್ಕಳಿಂದ ಒಂದು ನಾಟಕ ಮಾಡಿಸಿದ್ದೆ. ಅದರ ಕೊನೆಗೆ ಕಂಬಳಿ ಹೊದ್ದ ದೆವ್ವವೊಂದು ಪ್ರೇಕ್ಷಕರ ನಡುವಿನಿಂದಲೇ ಎದ್ದು ಬರಬೇಕು. ಗುಟ್ಟು ಬಯಲಾಗಬಾರದೆಂದು ಕಾರ್ಯಕ್ರಮ ಪತ್ರಿಕೆಯಲ್ಲಿ ಆ ಹುಡುಗನ ಹೆಸರನ್ನು ಹಾಕಿಸಲಿಲ್ಲ. ನಾಟಕ ಚೆನ್ನಾಗಿ ಆಯಿತು, ಜನ ಚೀರಿದರು. ಮರುದಿನ ಹುಕ್ಕೇರಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದ ಆ ಹುಡುಗನ ತಂದೆ, ಅಕ್ಷರ ಬಾರದವರು, ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು, "ಗುರುಗಳ, ನಮ್ಮ ಹುಡುಗನ ಹೆಸರು ಎಲ್ಲೈತಿ ತೋರಸ್ರಿ, ಮನ್ಯಾಗ ಅವರವ್ವಗ ತೋರಸಬೇಕು" ಎಂದರು. ನಾನು ಏನೋ ಸಮಜಾಯಿಷಿ ಹೇಳಿದೆ. ಅವರು ಪತ್ರಿಕೆಯನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ನಮಸ್ಕಾರ ಮಾಡಿ ಹೋದರು. ಆ ಪತ್ರಿಕೆಯ ಕೆಳಗೆ ಪೆನ್ನಿನಿಂದಲಾದರೂ ಆ ಹೆಸರನ್ನು ಬರೆದುಕೊಡಬೇಕೆಂದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಹೊಳೆದಾಗ ಬಸ್ಸು ಹೋಗಿತ್ತು.

ದೆವ್ವದ ಚಿತ್ರದಲ್ಲಿ ಭಯ ಹುಟ್ಟಬೇಕಾದರೆ ನಟನ ಹೆಸರು ಕ್ಷಣಕಾಲ ಮರೆಯಾಗಬೇಕು, ಒಪ್ಪುತ್ತೇನೆ. ಆದರೆ ದೀಪ ಹತ್ತಿದ ಮೇಲೆ ಆ ಹೆಸರನ್ನು ಮರಳಿ ಕೊಡುವುದು ನಮ್ಮ ಧರ್ಮ. ಮೊಮ್ಮಗನಿಗೆ ಆರೂ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.

ಅಂದು ಕಂಬಳಿ ಹೊದ್ದ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ, ಅವನು ಈ ಮುದುಕನನ್ನು ಕ್ಷಮಿಸಲಿ. ಅವನು ಒಪ್ಪಿದರೆ ಅವನ ಹೆಸರನ್ನು ಇಲ್ಲಿಯೇ, ಪಾತ್ರವರ್ಗದ ಮೊದಲ ಸಾಲಿನಲ್ಲಿ ಬರೆಯುವೆನು.